ಸ್ಪಿರುಲಿನಾ ಮತ್ತು ಡಿಎನ್‌ಎ ರಕ್ಷಣೆ

ಸ್ಪಿರುಲಿನಾ, ಕ್ಯಾನ್ಸರ್ ಔಷಧಗಳು ಆರೋಗ್ಯವಂತ ಜೀವಕೋಶಗಳ ಡಿಎನ್‌ಎಗೆ ಮಾಡುವ ಹಾನಿಯನ್ನು ತಡೆಯಬಲ್ಲದೇ ಎಂದು ಅಧ್ಯಯನಕ್ಕೊಳಗಾದ ನೀಲಿ-ಹಸಿರು ಪಾಚಿ. ಇದು ವಾಸ್ತವದಲ್ಲಿ ದ್ಯುತಿಸಂಶ್ಲೇಷಣೆ ನಡೆಸುವ ಬ್ಯಾಕ್ಟೀರಿಯ. ಒಣಪುಡಿಯಲ್ಲಿ ಶೇ. 60ರಷ್ಟು ಪ್ರೋಟೀನ್ ಇರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು (ಸಿಎಫ್‌ಟಿಆರ್‌ಐ) 1970ರ ದಶಕದಲ್ಲಿ ಜರ್ಮನಿಯ ನೆರವಿನೊಂದಿಗೆ ಇಂಥ ಪಾಚಿಗಳ ಕೃಷಿ ಹಾಗೂ ಆಹಾರ ಬಳಕೆಯನ್ನು ಅಭ್ಯಸಿಸಿತು. ಎಲ್. ವಿ. ವೆಂಕಟರಾಮನ್ ಈ ಕೆಲಸದ ಪ್ರಮುಖರು.

ಹಾನಿಯ ಬಗೆ: ಸೈಕ್ಲೊಫಾಸ್ಫಮೈಡ್, ಸಿಸ್‌ಪ್ಲಾಟಿನ್, ಮೈಟೊಮೈಸಿನ್-ಸಿ ಔಷಧಗಳು ಡಿಎನ್‌ಎ ಎಳೆಗಳಿಗೆ ಅಡ್ಡಬೆಸುಗೆ ಹಾಕುತ್ತವೆ. ಇದರಿಂದ ಗಡ್ಡೆಯ ಕೋಶಗಳು ಸಾಯುತ್ತವೆ. ಬೇಗಬೇಗ ವಿಭಜಿಸುವ ಅಸ್ಥಿಮಜ್ಜೆ, ಕರುಳು, ಕೂದಲ ಬುಡದ ಕೋಶಗಳೂ ನಲುಗುತ್ತವೆ. ಒಡೆದ ವರ್ಣತಂತುಗಳ ಚೂರುಗಳು ಕೋಶದಲ್ಲಿ ಕಿರುಕೇಂದ್ರಗಳಾಗಿ ಉಳಿಯುವುದರಿಂದ, ಅವನ್ನು ಎಣಿಸಿ ಹಾನಿಯನ್ನು ಅಳೆಯುತ್ತಾರೆ.

ಪ್ರಯೋಗಗಳು: ಕೆ. ಪ್ರೇಮ್‌ಕುಮಾರ್ ಮತ್ತು ಸಂಗಡಿಗರು 2001ರಲ್ಲಿ ಸೈಕ್ಲೊಫಾಸ್ಫಮೈಡ್ ಹಾಗೂ ಮೈಟೊಮೈಸಿನ್-ಸಿ, 2004ರಲ್ಲಿ ಸಿಸ್‌ಪ್ಲಾಟಿನ್ ಕುರಿತು ಇಲಿಗಳ ಮೇಲಿನ ಅಧ್ಯಯನಗಳನ್ನು ಪ್ರಕಟಿಸಿದರು. ಔಷಧಕ್ಕೆ ಮೊದಲು ಸ್ಪಿರುಲಿನಾ ತಿನ್ನಿಸಿದ ಇಲಿಗಳಲ್ಲಿ ವರ್ಣತಂತು ಹಾನಿ ಕಡಿಮೆಯಿತ್ತು. ಪಾಚಿಯ ನೀಲಿ ವರ್ಣದ್ರವ್ಯ ಫೈಕೋಸಯಾನಿನ್ ಮತ್ತು ಬೀಟಾ ಕ್ಯಾರೊಟೀನ್ ಉತ್ಕರ್ಷಣ ನಿರೋಧಕಗಳಾಗಿ ಕೆಲಸ ಮಾಡುವುದು ಇದಕ್ಕೆ ಕೊಡುವ ವಿವರಣೆ.

ಮನುಷ್ಯರ ಮೇಲಿನ ಹೆಸರಾಂತ ಪ್ರಯೋಗ ಕೀಮೋಗೆ (ಕ್ಯಾನ್ಸರ್ ಔಷಧಗಳ ಚಿಕಿತ್ಸೆಗೆ) ಸಂಬಂಧಿಸಿದ್ದಲ್ಲ. 1995ರಲ್ಲಿ ಪ್ರಕಟವಾದ ಕೇರಳದ ಅಧ್ಯಯನದಲ್ಲಿ, ಬಾಯಲ್ಲಿ ಬಿಳಿಮಚ್ಚೆಯಿದ್ದ, ಹೊಗೆಸೊಪ್ಪು ಹಾಕಿ ಎಲೆಅಡಿಕೆ ಜಗಿಯುವವರಿಗೆ ದಿನಕ್ಕೆ 1 ಗ್ರಾಂನಂತೆ ಒಂದು ವರ್ಷ ಸ್ಪಿರುಲಿನಾ ಕೊಡಲಾಯಿತು. 44 ಜನರಲ್ಲಿ 20 ಮಂದಿಯ ಬಾಯಿಯ ಬಿಳಿಮಚ್ಚೆ ಪೂರ್ಣ ಮಾಯವಾಯಿತು. ಹುಸಿಮದ್ದು ಪಡೆದ 43ರಲ್ಲಿ ಮೂವರಿಗೆ ಮಾತ್ರ. ಸೇವನೆ ನಿಲ್ಲಿಸಿದ ವರ್ಷದೊಳಗೆ ಆ 20ರಲ್ಲಿ 9 ಮಂದಿಗೆ ಮಚ್ಚೆ ಮರಳಿತು.

ಎಚ್ಚರಿಕೆ: ಶಿರಸಿ ತಾಲ್ಲೂಕಿನ ಹುಲೇಕಲ್‌ನಂಥ ಅಡಿಕೆ ಸೀಮೆಗೆ ಕೇರಳದ ಫಲಿತಾಂಶ ಹತ್ತಿರದ್ದು. ಆದರೆ ಹೊಗೆಸೊಪ್ಪಿನ ಕವಳ ಬಿಡುವುದಕ್ಕೆ ಪಾಚಿ ಬದಲಿಯಲ್ಲ. ಕೆರೆಯ ಪಾಚಿಯನ್ನು ತಿನ್ನಲೇಬಾರದು: ಕೆಲವು ನೀಲಿ-ಹಸಿರು ಪಾಚಿಗಳು ಯಕೃತ್ತನ್ನು ಕೆಡಿಸುವ ಮೈಕ್ರೊಸಿಸ್ಟಿನ್ ವಿಷ ಉಂಟುಮಾಡುತ್ತವೆ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರದಂಥ ಲೋಹಗಳನ್ನೂ ಪಾಚಿ ಹೀರಿಕೊಳ್ಳುತ್ತದೆ. ಉತ್ಕರ್ಷಣ ನಿರೋಧಕಗಳು ಗಡ್ಡೆಯ ಕೋಶಗಳನ್ನೂ ಕಾಪಾಡಿ ಔಷಧದ ಬಲ ಕುಗ್ಗಿಸಬಹುದೆಂಬ ಶಂಕೆಯಿದೆ. ಆದ್ದರಿಂದ ಕೀಮೋ ಪಡೆಯುತ್ತಿರುವವರು ಚಿಕಿತ್ಸೆ ನೀಡುವ ವೈದ್ಯರನ್ನು ಕೇಳದೆ ಸ್ಪಿರುಲಿನಾ ಸೇವಿಸಬಾರದು.