ಮೇಲ್‌ನ ಬೆನ್ನ ಮೇಲಿನ ಅಂಚೆ ಮುದ್ರೆ

ನಾನು ಊರ್ಡಿಗೆರೆಯವನು, ಓದಿದ್ದು ಬಿ.ಕಾಂ. ಪಾಡ್‌ಕಾಸ್ಟ್ ಶುರು ಮಾಡೋಕೆ ಮುಂಚೆ ತುಮಕೂರಿನ ಒಂದು ಅಂಗಡೀಲಿ ಲೆಕ್ಕ ಬರೀತಿದ್ದೆ. ಒಂದು ದಿನ ನಮಗೆ ಮಾಲು ಕಳಿಸೋ ಕಂಪನಿಯ ಹೆಸರಲ್ಲಿ ಮೇಲ್ ಬಂತು. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಬಿಲ್ಲಿನ ದುಡ್ಡು ಹೊಸ ಖಾತೆಗೆ ಹಾಕಿ" ಅಂತ. ಹೆಸರು ಅದೇ, ವಿಳಾಸ ಅದೇ, ಬಿಲ್ ನಂಬರೂ ಸರಿ. ಹಾಕಿಬಿಟ್ಟೆ. ವಾರ ಕಳೆದ ಮೇಲೆ ಅಸಲಿ ಕಂಪನಿಯವರು ಫೋನ್ ಮಾಡಿ, "ದುಡ್ಡು ಇನ್ನೂ ಬಂದಿಲ್ವಲ್ಲ?" ಅಂದ್ರು.

ಯಜಮಾನ್ರು ಬೈಯಲಿಲ್ಲ. "ಲೆಕ್ಕ ನೋಡೋನು ನೀನೇ ಅಲ್ವೇನಪ್ಪಾ?" ಅಂತ ಕೇಳಿ ಸುಮ್ಮನಾದ್ರು. ಆ ಸುಮ್ಮನಿರೋದು ಬೈಗುಳಕ್ಕಿಂತ ಭಾರ. ದೂರು ಕೊಡೋಕೆ ಮೇಲ್‌ನ ಪ್ರಿಂಟ್ ತಗೊಂಡು ಹೋದ್ರೆ, ಅಲ್ಲಿದ್ದವರು ಕೇಳಿದ್ದು ಒಂದೇ ಪ್ರಶ್ನೆ: "ಇದರ ಫುಲ್ ಹೆಡರ್ ಎಲ್ಲಿ?" ನನಗೆ ಆ ಪದವೇ ಗೊತ್ತಿರಲಿಲ್ಲ. ಇವತ್ತಿನ ಕಂತು ಆ ಪದದ ಚರಿತ್ರೆ.

ಹೆಡರ್ ಅಂದ್ರೆ ಏನು? ನಮ್ಮಜ್ಜ ಇನ್‌ಲ್ಯಾಂಡ್ ಲೆಟರ್ ಕೈಗೆ ಬಂದ ತಕ್ಷಣ ಒಡೀತಿರಲಿಲ್ಲ. ಮೊದಲು ಅಂಚೆ ಮುದ್ರೆ ನೋಡೋರು, ಯಾವ ಊರಲ್ಲಿ ಹಾಕಿದ್ದು, ಯಾವ ತಾರೀಕು ಅಂತ. ಮೇಲ್‌ಗೂ ಅಂಥ ಮುದ್ರೆಗಳಿವೆ. ಅದು ದಾಟುವ ಒಂದೊಂದು ಸರ್ವರ್ ಕೂಡ "ಇಂಥವರಿಂದ ಬಂತು, ಇಷ್ಟು ಹೊತ್ತಿಗೆ ಬಂತು" ಅಂತ ಒಂದು ಸಾಲು ಮೇಲ್ಗಡೆ ಸೇರಿಸುತ್ತೆ. ಆ ಸಾಲಿನ ಹೆಸರು 'ರಿಸೀವ್ಡ್'. ಹೊಸ ಮುದ್ರೆ ಮೇಲೆ, ಹಳೇದು ಕೆಳಗೆ. ಹಾಗಾಗಿ ಮೇಲ್ ಬಂದ ದಾರಿ ತಿಳೀಬೇಕಾದ್ರೆ ಕೆಳಗಿನಿಂದ ಮೇಲಕ್ಕೆ ಓದಬೇಕು.

ಇದೆಲ್ಲಾ ಒಂದೇ ದಿನ ಹುಟ್ಟಿದ್ದಲ್ಲ. 1971ರಲ್ಲಿ ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ರೇ ಟಾಮ್ಲಿನ್‌ಸನ್ ಅಟ್ ಚಿಹ್ನೆ ಬಳಸಿ ಮೊದಲ ಮೇಲ್ ಕಳಿಸಿದರು. ಆಗ ಒಂದೊಂದು ಕಂಪ್ಯೂಟರ್‌ನದು ಒಂದೊಂದು ರೀತಿ. 1973ರ ಸೆಪ್ಟೆಂಬರ್‌ನಲ್ಲಿ ನಾಲ್ಕು ಜನ ಸೇರಿ ಆರ್‌ಎಫ್‌ಸಿ 561 ಅನ್ನೋ ಪುಟ್ಟ ಟಿಪ್ಪಣಿ ಬರೆದರು. ಮೇಲ್‌ನ ತಲೆಯ ಮೇಲೆ ಯಾರಿಂದ, ಯಾವಾಗ, ಯಾವ ವಿಷಯ ಅನ್ನೋದು ಒಂದೇ ಕ್ರಮದಲ್ಲಿ ಇರಲಿ ಅಂತ. ಆ ನಾಲ್ವರಲ್ಲಿ ಟಾಮ್ಲಿನ್‌ಸನ್ ಒಬ್ಬರು. ಇನ್ನೊಬ್ಬರು ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿದ ಅಭಯ್ ಭೂಷಣ್. ಹೌದು, ಹೆಡರ್‌ನ ಕಟ್ಟಳೆ ಬರೆದ ಕೈಗಳಲ್ಲಿ ಒಂದು ನಮ್ಮ ದೇಶದ್ದು. 1982ರಲ್ಲಿ ಬಂದ ಆರ್‌ಎಫ್‌ಸಿ 821 ಮತ್ತು 822 ಆ ಕಟ್ಟಳೆಯನ್ನ ಗಟ್ಟಿ ಮಾಡಿದವು. ಇವತ್ತಿನ ಮೇಲ್‌ನ ಅಡಿಪಾಯ ಅವೇ.

ಆದ್ರೆ ಅಲ್ಲಿ ಒಂದು ಬಿರುಕು ಉಳೀತು. 'ಫ್ರಮ್' ಅನ್ನೋ ಜಾಗದಲ್ಲಿ ಕಳಿಸುವವನು ಏನು ಬರೆದ್ರೂ ಸಾಗುತ್ತಿತ್ತು. ಆಗ ಜಾಲದಲ್ಲಿದ್ದವರು ಒಬ್ಬರಿಗೊಬ್ಬರು ಗೊತ್ತಿದ್ದವರು, ಸುಳ್ಳು ಬರೆಯೋರು ಬರ್ತಾರೆ ಅಂತ ಯಾರೂ ಲೆಕ್ಕ ಹಾಕಿರಲಿಲ್ಲ.

ನಮ್ಮಲ್ಲಿ 1986ರ ಸುಮಾರಿಗೆ ಅರ್ನೆಟ್ ಶುರುವಾಯ್ತು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಒಂದು ಕೊಂಡಿ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. ಕಪ್ಪು ಪರದೆಯ ಮೇಲೆ ಪೈನ್ ಅನ್ನೋ ಪ್ರೋಗ್ರಾಂನಲ್ಲಿ ಮೇಲ್ ಓದುತ್ತಿದ್ದ ಕಾಲ ಅದು. ಅಲ್ಲಿ 'ಎಚ್' ಒತ್ತಿದ್ರೆ ಪೂರ್ತಿ ಹೆಡರ್. ಆಮೇಲೆ ಡೆಸ್ಕ್‌ಟಾಪ್ ಪ್ರೋಗ್ರಾಂಗಳು ಚೆಂದ ಆಗ್ತಾ ಆಗ್ತಾ ಮುದ್ರೆಗಳು ಮರೆಗೆ ಸರಿದವು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಡಾರ್ನರ್ 1988ರಲ್ಲಿ ಬರೆದ ಯೂಡೋರಾದಲ್ಲಿ ಪೂರ್ತಿ ಹೆಡರ್ ತೋರಿಸೋ ಗುಂಡಿಯ ಹೆಸರೇ 'ಬ್ಲಾ ಬ್ಲಾ ಬ್ಲಾ'! ಅಂದ್ರೆ, ಯಾರಿಗೂ ಬೇಡದ ಗೊಣಗಾಟ. ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಂತೂ ಅದು ಪ್ರಾಪರ್ಟೀಸ್ ಒಳಗಿನ ಡೀಟೇಲ್ಸ್ ಅನ್ನೋ ಮೂಲೆ ಸೇರಿತು.

ಸುಳ್ಳು ಹೆಚ್ಚಾದ ಮೇಲೆ 2000ದ ದಶಕದಲ್ಲಿ ಎಸ್‌ಪಿಎಫ್, ಡಿಕಿಮ್, ಆಮೇಲೆ 2012ರಲ್ಲಿ ಡಿಮಾರ್ಕ್ ಅನ್ನೋ ತಪಾಸಣೆಗಳು ಬಂದವು. ಅವುಗಳ ಫಲಿತಾಂಶ ಬರೆಯೋದೂ ಇದೇ ಹೆಡರ್‌ನಲ್ಲಿ, ನಾವು ನೋಡದ ಜಾಗದಲ್ಲಿ.

ಈಗ ಎಚ್ಚರಿಕೆಯ ಮಾತು. ಮುದ್ರೆ ಯಂತ್ರವನ್ನ ತೋರಿಸುತ್ತೆ, ಮನುಷ್ಯನನ್ನಲ್ಲ. ನಿಮ್ಮ ಸ್ವಂತ ಮೇಲ್ ಸರ್ವರ್ ಹಾಕಿದ ಸಾಲನ್ನ ನಂಬಬಹುದು, ಅದರ ಕೆಳಗಿನವನ್ನ ವಂಚಕ ತಾನೇ ಬರೆದು ಸೇರಿಸಿರಬಹುದು. ವೇಳೆಯನ್ನೂ ನೋಡಿ ಓದಬೇಕು. +0530 ಅಂದ್ರೆ ನಮ್ಮ ಗಡಿಯಾರ, +0000 ಅಂದ್ರೆ ಗ್ರೀನಿಚ್ ಗಡಿಯಾರ. ಐದೂವರೆ ಗಂಟೆ ತಪ್ಪಿದ್ರೆ ಬೇರೆ ಯಾರದೋ ಮನೆ ಬಾಗಿಲು ತಟ್ಟಿದ ಹಾಗೆ. 2007ರಲ್ಲಿ ಬೆಂಗಳೂರಿನ ಒಬ್ಬ ಟೆಕ್ಕಿಯನ್ನ ಪುಣೆ ಪೊಲೀಸರು ಹಿಡಿದುಕೊಂಡು ಹೋದರು. ಅದು ಮೇಲ್ ಅಲ್ಲ, ಆರ್ಕುಟ್‌ನಲ್ಲಿ ಹಾಕಿದ ಚಿತ್ರದ ಪ್ರಕರಣ, ಆದ್ರೆ ಹಿಡಿದ ಜಾಡು ಅದೇ, ಐಪಿ ವಿಳಾಸ. ಇಂಟರ್ನೆಟ್ ಕಂಪನಿ ಕೊಟ್ಟ ವಿವರ ತಪ್ಪಾಗಿತ್ತು. ಏನೂ ಮಾಡದ ಆ ಹುಡುಗ 50 ದಿನ ಜೈಲಲ್ಲಿದ್ದ.

ನನ್ನ ಕಥೆಗೆ ಬರ್ತೀನಿ. ಮೇಲ್ ಅಳಿಸಿಬಿಟ್ಟಿದ್ದೆ, ಪುಣ್ಯಕ್ಕೆ ಅಂಗಡಿಯ ಹಳೇ ಕಂಪ್ಯೂಟರ್‌ನ ಡಿಲೀಟೆಡ್ ಐಟಮ್ಸ್‌ನಲ್ಲಿ ಉಳಿದಿತ್ತು. ತೆಗೆದು ನೋಡಿದ್ರೆ ಫ್ರಮ್‌ನಲ್ಲಿ ಕಂಪನಿಯ ವಿಳಾಸ, ರಿಪ್ಲೈ-ಟುನಲ್ಲಿ ಇನ್ಯಾರದ್ದೋ. ಡಿಮಾರ್ಕ್ ಎದುರಿಗೆ 'ಫೇಲ್'. ಯಜಮಾನ್ರನ್ನ ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸಾಲಾಗಿ ಓದಿ ಹೇಳಿದೆ. ದುಡ್ಡು ವಾಪಸ್ ಬರಲಿಲ್ಲ. ಅವರ ಮಾತು ವಾಪಸ್ ಬಂತು.

ನೀವೂ ಒಮ್ಮೆ ತೆಗೆದು ನೋಡಿ. ಹಳೇ ಮಾದರಿಯ ಔಟ್‌ಲುಕ್‌ನಲ್ಲಿ ಮೇಲನ್ನ ಡಬಲ್ ಕ್ಲಿಕ್ ಮಾಡಿ, ಫೈಲ್, ಪ್ರಾಪರ್ಟೀಸ್, ಕೆಳಗಡೆ ಇಂಟರ್ನೆಟ್ ಹೆಡರ್ಸ್. ಥಂಡರ್‌ಬರ್ಡ್‌ನಲ್ಲಿ ಕಂಟ್ರೋಲ್ ಜೊತೆ ಯು. ಆಪಲ್ ಮೇಲ್‌ನಲ್ಲಿ ವ್ಯೂ, ಮೆಸೇಜ್, ಆಲ್ ಹೆಡರ್ಸ್. ಮೋಸದ ಮೇಲ್ ಬಂದ್ರೆ ಅಳಿಸಬೇಡಿ. ಬರೀ ಫಾರ್ವರ್ಡ್ ಮಾಡಿದ್ರೂ ಸಾಲದು, ಯಾಕಂದ್ರೆ ಫಾರ್ವರ್ಡ್ ಅಂದ್ರೆ ಹಳೇ ಕಾಗದವನ್ನ ಹೊಸ ಲಕೋಟೆಗೆ ಹಾಕಿದ ಹಾಗೆ, ಹಳೇ ಮುದ್ರೆ ಹೋಗುತ್ತೆ. ಮೂಲ ಮೇಲನ್ನ ಫೈಲ್ ಆಗಿ ಉಳಿಸಿಕೊಳ್ಳಿ. ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಅಜ್ಜ ಕಾಗದ ಒಡೆಯೋ ಮುಂಚೆ ನೋಡ್ತಿದ್ದಿದ್ದನ್ನ ನಾನು ದುಡ್ಡು ಕಳಕೊಂಡ ಮೇಲೆ ನೋಡಿದೆ. ನೀವು ಅಜ್ಜನ ಹಾಗೆ ಮಾಡಿ.