ಸಿಪ್ಪೆಯ ಒಗರಿಗೆ ಎಷ್ಟು ಹೆಸರು

ಹೈದರಾಬಾದಿನ ತಾರ್ನಾಕಾದಿಂದ ಉಪ್ಪಲ್ ಕಡೆಗೆ ಹೋಗುವ ರಸ್ತೆಯಲ್ಲಿ, ಹಬ್ಸಿಗುಡದ ಹತ್ತಿರ, ಮೈಸೂರಿನ ಸಿಎಫ್‌ಟಿಆರ್‌ಐನ ಒಂದು ಕೇಂದ್ರವಿದೆ. ಬೇಸಿಗೆಯಲ್ಲಿ ಇದೇ ಸೀಮೆಯ ಜ್ಯೂಸ್ ಅಂಗಡಿಗಳ ಹಿಂದೆ ಮೂಸಂಬಿ ಸಿಪ್ಪೆ ರಾಶಿ ಬೀಳುತ್ತದೆ. ಇಲ್ಲಿಯವರ ಬಾಯಲ್ಲಿ ಆ ಹಣ್ಣು ಬತ್ತಾಯಿ. ಸಿಪ್ಪೆಯಲ್ಲಿ ಬೆಲೆಬಾಳುವ ವಸ್ತುಗಳಿವೆ ಎಂದು ಪ್ರಯೋಗಾಲಯಗಳು ಹೇಳುತ್ತಲೇ ಬಂದಿವೆ. ಕಸದ ಲಾರಿಯೂ ಬರುತ್ತಲೇ ಇದೆ.

ಸಿಪ್ಪೆಯಲ್ಲಿ ಏನೋ ಇದೆ ಎಂಬ ತಿಳಿವು ಹೊಸದೇನಲ್ಲ. ದಾಳಿಂಬೆ ಸಿಪ್ಪೆಯಿಂದ ಚರ್ಮ ಹದ ಮಾಡುತ್ತಿದ್ದರು, ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರು. ಹೊಟ್ಟೆ ಕೆಟ್ಟರೆ ಮಲೆನಾಡಿನ ಮನೆಗಳಲ್ಲಿ ಅದರದೇ ತಂಬುಳಿ. ಈ ಎಲ್ಲ ಕೆಲಸಗಳ ಹಿಂದಿರುವ ಗುಣಕ್ಕೆ ಕನ್ನಡ ಒಂದೇ ಮಾತು ಇಟ್ಟಿತ್ತು: ಒಗರು. ನಾಲಗೆಯನ್ನು ಹಿಡಿದೆಳೆಯುವ ಪದಾರ್ಥವೇ ತೊಗಲನ್ನೂ ಬಿಗಿಯುತ್ತದೆ. ಎರಡೂ ಕಡೆ ಅದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಯುರೋಪಿನವರು ಹೆಸರನ್ನು ನಾಲಗೆಯಿಂದಲ್ಲ, ಚರ್ಮದ ಕಸುಬಿನಿಂದ ಪಡೆದರು. ಅದು ಟ್ಯಾನಿನ್ ಆಯಿತು.

1828ರಲ್ಲಿ ಲೆಬ್ರೆಟನ್ ಎಂಬ ಫ್ರೆಂಚ್ ರಸಾಯನ ವಿಜ್ಞಾನಿ ಕಿತ್ತಳೆ ಸಿಪ್ಪೆಯ ಒಳಗಿನ ಬಿಳಿ ಪದರದಿಂದ ಹೆಸ್ಪೆರಿಡಿನ್ ಬೇರ್ಪಡಿಸಿದ. ನೂರು ವರ್ಷ ಅದನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. 1936ರಲ್ಲಿ ಹಂಗೆರಿಯ ಸೆಂಟ್-ಗ್ಯೋರ್ಗಿ ಮತ್ತು ಸಂಗಡಿಗರು ನಿಂಬೆಯಿಂದ ತೆಗೆದ ಇದೇ ಬಳಗದ ವಸ್ತುಗಳು ರಕ್ತನಾಳಗಳಿಗೆ ಬೇಕೇಬೇಕು ಎಂದು ವಾದಿಸಿ ‘ವಿಟಮಿನ್ ಪಿ’ ಎಂದು ಕರೆದರು. ವಾದ ನಿಲ್ಲಲಿಲ್ಲ. 1950ರ ಹೊತ್ತಿಗೆ ಅಮೆರಿಕದ ವಿಜ್ಞಾನಿಗಳು ಆ ಹೆಸರನ್ನೇ ಕೈಬಿಡಲು ಹೇಳಿದರು.

ಸಿಪ್ಪೆಯ ನಸೀಬು ಮತ್ತೆ ತಿರುಗಿದ್ದು ಎಣ್ಣೆಯ ದೆಸೆಯಿಂದ. ಎಣ್ಣೆ, ಚಿಪ್ಸ್ ಕಮಟು ವಾಸನೆ ಹಿಡಿಯದಿರಲು ಕಂಪನಿಗಳು ಬಿಎಚ್‌ಎ, ಬಿಎಚ್‌ಟಿ ಎಂಬ ಕೃತಕ ಆ್ಯಂಟಿಆಕ್ಸಿಡೆಂಟ್‌ ಬೆರೆಸುತ್ತಿದ್ದವು. 1983ರಲ್ಲಿ ಜಪಾನಿನ ಸಂಶೋಧಕರು, ಹೆಚ್ಚು ಪ್ರಮಾಣದ ಬಿಎಚ್‌ಎ ತಿಂದ ಇಲಿಗಳ ಮುಂಜಠರದಲ್ಲಿ ಗಡ್ಡೆ ಬೆಳೆದದ್ದನ್ನು ವರದಿ ಮಾಡಿದರು. ಅಲ್ಲಿಂದ ಸಹಜ ಪರ್ಯಾಯದ ಹುಡುಕಾಟ ಬಿರುಸಾಯಿತು.

ಮೈಸೂರಿನ ಸರದಿ ಬಂದದ್ದು 2002ರಲ್ಲಿ. ಸಿಎಫ್‌ಟಿಆರ್‌ಐನ ಆರ್. ಪಿ. ಸಿಂಗ್, ಕೆ. ಎನ್. ಚಿದಂಬರ ಮೂರ್ತಿ ಮತ್ತು ಜಿ. ಕೆ. ಜಯಪ್ರಕಾಶ ದಾಳಿಂಬೆಯ ಸಿಪ್ಪೆ, ಬೀಜ ಎರಡನ್ನೂ ಪರೀಕ್ಷಿಸಿದರು. ಒಂದು ಪರೀಕ್ಷೆ ಬಹಳ ಸರಳ: ಕ್ಯಾರೊಟಿನ್‌ನ ಕಿತ್ತಳೆ ಬಣ್ಣ ಕೊಬ್ಬಿನಾಮ್ಲದ ಜತೆಗಿದ್ದರೆ ಬೇಗ ಮಾಸುತ್ತದೆ, ಮಾಸದಂತೆ ತಡೆಯುವುದು ಯಾವುದು ನೋಡಬೇಕು. ಮೆಥನಾಲ್‌ನಲ್ಲಿ ತೆಗೆದ ಸಿಪ್ಪೆಯ ಸಾರ ಹತ್ತು ಲಕ್ಷಕ್ಕೆ 50 ಭಾಗ ಇದ್ದಾಗಲೇ 83 ಶೇಕಡಾ ರಕ್ಷಣೆ ಕೊಟ್ಟಿತು. ಬೀಜದ ಸಾರ ಅದರ ಎರಡು ಪಟ್ಟು ಹಾಕಿದರೂ 22.6 ಶೇಕಡಾ ದಾಟಲಿಲ್ಲ. ತಿನ್ನುವ ಭಾಗಕ್ಕಿಂತ ಎಸೆಯುವ ಭಾಗವೇ ಬಲಶಾಲಿ.

ಇಷ್ಟಾದರೂ ಅದು ಸೀಸೆಯೊಳಗಿನ ಬಲ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಅಧ್ಯಯನ 1994ರಲ್ಲೇ ಎಚ್ಚರಿಸಿತ್ತು: ಆ್ಯಂಟಿಆಕ್ಸಿಡೆಂಟ್ ಎಂದು ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಶೇಕಡಾ ಹೆಚ್ಚು ಕಂಡಿತ್ತು. ಮಾತ್ರೆ ಮಾರುವವರು ಈ ಅಂಕಿಯನ್ನು ಡಬ್ಬದ ಮೇಲೆ ಅಚ್ಚು ಹಾಕುವುದಿಲ್ಲ. ಸಿಪ್ಪೆಯ ಸಾರಕ್ಕೆ ಹೊಂದುವ ಕೆಲಸ ಎಣ್ಣೆ ಕಾಯುವುದೇ ಹೊರತು ಆಯುಸ್ಸು ಕಾಯುವುದಲ್ಲ.

ಆ ಕೆಲಸಕ್ಕೂ ಹಾದಿ ಸಲೀಸಿಲ್ಲ. ಸಿಪ್ಪೆಯ ತೂಕದಲ್ಲಿ ಬಹುಪಾಲು ನೀರು. ಬೇಗ ಒಣಗಿಸದಿದ್ದರೆ ಬೂಸ್ಟು ಹಿಡಿಯುತ್ತದೆ, ಒಣಗಿಸಲು ಉರುವಲು ಬೇಕು. ಮೆಥನಾಲ್ ವಿಷ, ಆಹಾರಕ್ಕೆ ಸೇರುವ ಸಾರದಲ್ಲಿ ಅದು ಉಳಿಯಬಾರದು. ಎಥನಾಲ್ ಎಂದರೆ ಅಬಕಾರಿ ಇಲಾಖೆಯ ಲೈಸೆನ್ಸು. ಹೊಲದಲ್ಲಿ ಹೊಡೆದ ಕೀಟನಾಶಕ ಮೊದಲು ಕೂರುವುದೂ ಸಿಪ್ಪೆಯ ಮೇಲೆಯೇ. ದಿನಕ್ಕೆ ನಾಲ್ಕು ಚೀಲ ಸಿಪ್ಪೆ ಎಸೆಯುವ ಅಂಗಡಿಯವನಿಗೆ ಇದ್ಯಾವುದೂ ಎಟುಕದು. ಒಂದೇ ಕಡೆ ಟನ್ನುಗಟ್ಟಲೆ ಸಿಪ್ಪೆ ಸಿಗುವ ತಿರುಳಿನ ಕಾರ್ಖಾನೆಗೆ ಮಾತ್ರ ಲೆಕ್ಕ ಕುದುರೀತು.

ಸಿಎಫ್‌ಟಿಆರ್‌ಐನಲ್ಲೇ ಸಿ. ಎಂ. ಅಜಿಲ, ಯು. ಜೆ. ಎಸ್. ಪ್ರಸಾದ ರಾವ್ ಮುಂತಾದವರು ರಸಪುರಿ, ಬಾದಾಮಿ ಮಾವಿನ ಸಿಪ್ಪೆ ಹಿಡಿದು ಹೊರಟರು. ಹಣ್ಣಿನ ಸಿಪ್ಪೆಗಿಂತ ಕಾಯಿಯ ಸಿಪ್ಪೆಯಲ್ಲಿ ಪಾಲಿಫಿನಾಲ್ ಹೆಚ್ಚು ಎಂದು 2007ರಲ್ಲಿ ಬರೆದರು. ಮಾವಿನಕಾಯಿ ಕಚ್ಚಿದವರಿಗೆ ಆ ಒಗರು ಗೊತ್ತು. ಮರುವರ್ಷ ಸಾರ ತೆಗೆಯುವ ಗೋಜಿಗೇ ಹೋಗದೆ, ಸಿಪ್ಪೆಯನ್ನು ಒಣಗಿಸಿ ಪುಡಿ ಮಾಡಿ ಬಿಸ್ಕತ್ತಿನ ಹಿಟ್ಟಿಗೆ ಬೆರೆಸಿದ ಪ್ರಯೋಗ ಪ್ರಕಟವಾಯಿತು. 10 ಶೇಕಡಾ ಪುಡಿ ಹಾಕಿದ ಬಿಸ್ಕತ್ತು, ಮಾವಿನ ಪರಿಮಳದೊಂದಿಗೆ, ರುಚಿ ನೋಡಿದವರಿಗೆ ಒಪ್ಪಿಗೆಯಾಯಿತು.