1975ರ ಸ್ಟಾಕ್‌ಹೋಮ್ ಪುರಸ್ಕಾರ ಮತ್ತು ಜೋನ್ ರಾಬಿನ್ಸನ್

ಅಕ್ಟೋಬರ್ ತಿಂಗಳು ಸಮೀಪಿಸುತ್ತಿದ್ದಂತೆ, ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರ ವಿಭಾಗಗಳಲ್ಲಿಯೂ ಪತ್ರಿಕಾ ಕಾರ್ಯಾಲಯಗಳಲ್ಲಿಯೂ ಒಂದು ಜಿಜ್ಞಾಸೆ ಪ್ರತಿವರ್ಷವೂ ತಲೆದೋರುವುದುಂಟು: ಈ ಬಾರಿ ಸ್ಟಾಕ್‌ಹೋಮಿನ ಪುರಸ್ಕಾರಕ್ಕೆ ಯಾರು ಅರ್ಹರು, ಮತ್ತು ಯಾರಿಗೆ ಅದು ದೊರೆಯಬಹುದು? ಇವೆರಡೂ ಒಂದೇ ಪ್ರಶ್ನೆಯಲ್ಲವೆಂಬುದನ್ನು ಕೇಳುವವರೆಲ್ಲರೂ ಬಲ್ಲರು. ಎರಡನೆಯದಕ್ಕೆ ಉತ್ತರ ಹುಡುಕುವ ವಿದ್ಯೆ ಈಚೆಗೆ ಬಹಳ ಬೆಳೆದಿದೆ. ಯಾರ ಪ್ರಬಂಧವನ್ನು ಎಷ್ಟು ಮಂದಿ ವಿದ್ವಾಂಸರು ಉಲ್ಲೇಖಿಸಿದ್ದಾರೆಂಬ ಗಣನೆಯನ್ನು ಆಧರಿಸಿ 2002ರಿಂದ ಈಚೆಗೆ ಸಂಭಾವ್ಯರ ಪಟ್ಟಿಯೊಂದು ಪ್ರಕಟವಾಗುತ್ತ ಬಂದಿದೆ. ಮೊದಲನೆಯ ಪ್ರಶ್ನೆಯಾದರೋ ಅಂಥ ಗಣನೆಗೆ ಸಿಕ್ಕುವಂಥದಲ್ಲ. ಅದನ್ನು ಚರಿತ್ರೆಯ ಬೆಳಕಿನಲ್ಲಿಟ್ಟು ವಿಚಾರಿಸಬೇಕು. ಹಾಗೆ ವಿಚಾರಿಸಹೊರಟವರಿಗೆ 1975ನೆಯ ಇಸವಿಗಿಂತ ಫಲವತ್ತಾದ ವರ್ಷ ಇನ್ನೊಂದು ದೊರೆಯಲಾರದೆಂದು ನನ್ನ ಭಾವನೆ.

ಆಲ್ಫ್ರೆಡ್ ನೊಬೆಲ್ 1895ರಲ್ಲಿ ಬರೆದಿಟ್ಟ ಮರಣಶಾಸನದಲ್ಲಿ ಅರ್ಥಶಾಸ್ತ್ರದ ಹೆಸರೇ ಇಲ್ಲ. 1668ರಲ್ಲಿ ಸ್ಥಾಪಿತವಾದ ಸ್ವೀಡನ್ನಿನ ರಿಕ್ಸ್‌ಬ್ಯಾಂಕ್ ತನ್ನ ಮುನ್ನೂರನೆಯ ವರ್ಷದ ಉತ್ಸವವನ್ನು ಆಚರಿಸಿದಾಗ, ನೊಬೆಲ್ಲರ ಸ್ಮಾರಕವಾಗಿ ಈ ಶಾಸ್ತ್ರಕ್ಕೂ ಒಂದು ಪುರಸ್ಕಾರವಿರಲೆಂದು ದತ್ತಿಯನ್ನು ಏರ್ಪಡಿಸಿತು. ಆಯ್ಕೆಯ ಹೊಣೆ ರಾಯಲ್ ಸ್ವೀಡಿಷ್ ವಿಜ್ಞಾನ ಅಕಾಡೆಮಿಗೆ ಸೇರಿತು. 1969ರಲ್ಲಿ ನಾರ್ವೆಯ ರಾಗ್ನಾರ್ ಫ್ರಿಶ್ ಮತ್ತು ಹಾಲೆಂಡಿನ ಯಾನ್ ಟಿನ್‌ಬರ್ಗೆನ್ ಪ್ರಥಮ ಪುರಸ್ಕೃತರಾದರು. ಐದು ವರ್ಷಗಳ ತರುವಾಯ ಅದನ್ನು ಸ್ವೀಕರಿಸಿದ ಅರ್ಥಶಾಸ್ತ್ರಜ್ಞ ಹಾಯೆಕ್, ಔತಣಕೂಟದ ಭಾಷಣದಲ್ಲಿಯೇ, ತಮ್ಮನ್ನು ಮೊದಲೇ ಕೇಳಿದ್ದರೆ ಇಂಥದೊಂದನ್ನು ಸ್ಥಾಪಿಸುವುದು ಬೇಡವೆಂದು ಹೇಳುತ್ತಿದ್ದೆನೆಂದರು. ಭೌತವಿಜ್ಞಾನಿಯ ಪ್ರಭಾವ ಬಹುಮಟ್ಟಿಗೆ ಅವನ ಸಹೋದ್ಯೋಗಿಗಳಲ್ಲಿಯೇ ನಿಲ್ಲುತ್ತದೆ, ಅಲ್ಲಿ ಮಿತಿ ಮೀರಿದವನನ್ನು ತಿದ್ದುವವರೂ ಅವರೇ. ಅರ್ಥಶಾಸ್ತ್ರಜ್ಞನ ಮಾತಾದರೋ ಮಂತ್ರಿಗಳಿಗೂ ಪತ್ರಕರ್ತರಿಗೂ ಜನಸಾಮಾನ್ಯರಿಗೂ ತಲಪುವುದು. ಅಂಥವನಿಗೆ ಇಷ್ಟು ದೊಡ್ಡ ಅಧಿಕಾರಮುದ್ರೆಯನ್ನು ಒತ್ತಬಾರದು ಎಂಬುದು ಅವರ ಆಕ್ಷೇಪದ ತಾತ್ಪರ್ಯ. ಪುರಸ್ಕಾರವನ್ನು ಪಡೆದವರೇ ನುಡಿದ ಈ ಎಚ್ಚರಿಕೆ ಅದರ ತೂಕವನ್ನು ಎಳ್ಳಷ್ಟೂ ತಗ್ಗಿಸಲಿಲ್ಲ. ಆದ್ದರಿಂದ ಅದು ಯಾರಿಗೆ ಸಂದಿತು, ಯಾರಿಗೆ ಸಲ್ಲಲಿಲ್ಲ ಎಂಬ ವಿಚಾರವೂ ಗೌರವದಿಂದ ಮಾಡತಕ್ಕ ವಿಚಾರವೇ ಆಗಿದೆ.

ಒಂದು ವರ್ಷಕ್ಕೆ ಮೂವರಿಗಿಂತ ಹೆಚ್ಚು ಮಂದಿಯನ್ನು ಆರಿಸುವಂತಿಲ್ಲ, ಆರಿಸಲ್ಪಡುವವರು ಬದುಕಿರಬೇಕು. ಈ ಎರಡನೆಯ ನಿಯಮವು ಮಾಡಿರುವ ಅನ್ಯಾಯ ಅಲ್ಪವಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸರ ಪ್ರಸಿದ್ಧ ಗ್ರಂಥಕ್ಕಿಂತ ಮೂರು ವರ್ಷ ಮುಂಚೆ, 1933ರಲ್ಲಿ, ವ್ಯಾಪಾರ ಚಕ್ರಗಳ ತತ್ತ್ವವನ್ನು ಪೋಲಿಷ್ ಭಾಷೆಯಲ್ಲಿ ನಿರೂಪಿಸಿದ್ದ ಮಿಹಾವ್ ಕಲೆಟ್ಸ್ಕಿ, ಪುರಸ್ಕಾರ ಆರಂಭವಾದ ಮರುವರ್ಷವೇ ತೀರಿಕೊಂಡರು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಅವರೊಡನೆ ಸಮಸಮವಾಗಿ ದುಡಿದ ಏಮಸ್ ಟ್ವರ್ಸ್ಕಿ 1996ರಲ್ಲಿ ಗತಿಸಿದರು. ಕಾನಮನ್ ಅವರಿಗೆ ಗೌರವ ಸಂದದ್ದು 2002ರಲ್ಲಿ. ವಿಲಿಯಂ ವಿಕ್ರಿ ಅವರಾದರೋ 1996ರಲ್ಲಿ ಘೋಷಣೆಯನ್ನು ಕೇಳಿ, ಮೂರು ದಿನಗಳಲ್ಲಿಯೇ ಕಣ್ಮುಚ್ಚಿದರು. ಇವೆಲ್ಲ ಕಾಲನ ಆಟಗಳು, ಯಾರನ್ನೂ ದೂಷಿಸುವಂತಿಲ್ಲ. ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ ಅವರ ವಿಷಯ ಹಾಗಲ್ಲ. ಪುರಸ್ಕಾರ ಆರಂಭವಾದ ಮೇಲೆ ಅವರು ಹದಿನಾಲ್ಕು ವರ್ಷ ಜೀವಿಸಿದ್ದರು. ಆ ಅವಧಿಯುದ್ದಕ್ಕೂ ಅವರ ಹೆಸರು ನಿರೀಕ್ಷಿತರ ಸಾಲಿನಲ್ಲಿ ಮುಂದೆಯೇ ಇತ್ತು.

1903ರಲ್ಲಿ ಜನಿಸಿದ ಜೋನ್, ಹೆಂಗಸರಿಗೆ ಪೂರ್ಣಪದವಿಯನ್ನೇ ಕೊಡದಿದ್ದ ಕಾಲದ ಕೇಂಬ್ರಿಜ್ಜಿನಲ್ಲಿ, ಗರ್ಟನ್ ಕಾಲೇಜಿನ ವಿದ್ಯಾರ್ಥಿನಿಯಾಗಿ ಅರ್ಥಶಾಸ್ತ್ರವನ್ನು ಓದಿದರು. ಆ ವಿಶ್ವವಿದ್ಯಾಲಯವು ಸ್ತ್ರೀಯರಿಗೆ ಪದವಿಯ ಬಾಗಿಲನ್ನು ತೆರೆದದ್ದು 1948ರಲ್ಲಿ. ವಿವಾಹಾನಂತರ, ಪತಿ ಆಸ್ಟಿನ್ ರಾಬಿನ್ಸನ್ ಗ್ವಾಲಿಯರಿನ ಬಾಲ ಮಹಾರಾಜರಿಗೆ ಉಪಾಧ್ಯಾಯರಾಗಿ ನಿಯುಕ್ತರಾದುದರಿಂದ, 1926ರಿಂದ ಎರಡು ವರ್ಷ ಭಾರತದಲ್ಲಿದ್ದರು. ಹಿಂದಿರುಗಿದ ಮೇಲೆ, ಕೇನ್ಸರ ವಿಚಾರಗಳನ್ನು ಒರೆಗೆ ಹಚ್ಚುತ್ತಿದ್ದ ತರುಣರ ಸಣ್ಣ ಕೂಟದಲ್ಲಿ ಒಬ್ಬರಾದರು. ರಿಚರ್ಡ್ ಕಾಹ್ನ್, ಪಿಯೆರೊ ಸ್ರಾಫಾ, ಜೇಮ್ಸ್ ಮೀಡ್ ಮತ್ತು ರಾಬಿನ್ಸನ್ ದಂಪತಿಗಳು ಸೇರಿದ್ದ ಆ ಐವರ ಕೂಟದಲ್ಲಿ ಮುಂದೆ ಸ್ಟಾಕ್‌ಹೋಮಿನ ಕರೆ ಬಂದದ್ದು ಮೀಡ್ ಅವರೊಬ್ಬರಿಗೆ, 1977ರಲ್ಲಿ. ಜೋನ್ ಅವರಿಗೆ ಪ್ರಾಧ್ಯಾಪಕ ಪೀಠ ದೊರೆತದ್ದು 1965ರಲ್ಲಿ, ಅರವತ್ತೆರಡನೆಯ ವಯಸ್ಸು ಹತ್ತಿರವಾದಾಗ. ಅದಕ್ಕೆ ಮೂರು ದಶಕಗಳಿಗೂ ಹಿಂದೆಯೇ ಅವರ ಕೀರ್ತಿ ಎರಡು ಖಂಡಗಳಲ್ಲಿ ಹಬ್ಬಿತ್ತು.

ಆ ಕೀರ್ತಿಗೆ ಕಾರಣವಾದದ್ದು ಅಪೂರ್ಣ ಸ್ಪರ್ಧೆಯನ್ನು ಕುರಿತು 1933ರಲ್ಲಿ ಅವರು ಪ್ರಕಟಿಸಿದ ಗ್ರಂಥ. ಅದರ ಬೀಜವನ್ನು ಬಿತ್ತಿದವರು ಸ್ರಾಫಾ. ಅಸಂಖ್ಯಾತರಾದ ಮಾರಾಟಗಾರರು, ಅಸಂಖ್ಯಾತರಾದ ಗ್ರಾಹಕರು, ಬೆಲೆಯನ್ನು ಯಾರೊಬ್ಬರೂ ಅಲುಗಿಸಲಾರರು ಎಂಬ ಹಳೆಯ ಕಲ್ಪನೆಯನ್ನು ಬಿಟ್ಟು, ಏಕಸ್ವಾಮ್ಯದ ಕಡೆಗೆ ದೃಷ್ಟಿಯನ್ನು ತಿರುಗಿಸಬೇಕೆಂದು ಅವರು 1926ರಲ್ಲಿಯೇ ಒಂದು ಲೇಖನದಲ್ಲಿ ವಾದಿಸಿದ್ದರು. ಆ ಸೂಚನೆಯನ್ನು ಹಿಡಿದು ಸಾಂಗೋಪಾಂಗವಾದ ಶಾಸ್ತ್ರವನ್ನಾಗಿ ಬೆಳೆಸಿದವರು ಜೋನ್. ಮಾರುವವನ ಏಕಸ್ವಾಮ್ಯವಿರುವಂತೆ ಕೊಳ್ಳುವವನ ಏಕಸ್ವಾಮ್ಯವೂ ಉಂಟೆಂಬುದನ್ನು ಅವರು ಅಲ್ಲಿ ವಿಸ್ತಾರವಾಗಿ ನಿರೂಪಿಸಿದರು. ಸುತ್ತಿನ ಹಳ್ಳಿಗಳಿಗೆಲ್ಲ ಒಂದೇ ಸಕ್ಕರೆ ಕಾರ್ಖಾನೆಯಿರುವ ಸೀಮೆಯಲ್ಲಿ ಕಬ್ಬು ಬೆಳೆದವನಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಕಡಿದ ಕಬ್ಬು ಒಣಗುವುದಕ್ಕೆ ಮುಂಚೆ ಸಾಗಿಸಬೇಕು, ಸಾಗಿಸಲು ಬೇರೆ ತಾವಿಲ್ಲ. ಕೂಲಿಯ ವಿಷಯದಲ್ಲಿಯೂ ಹಾಗೆಯೇ: ಕೆಲಸ ಕೊಡುವವನು ಊರಿಗೆ ಒಬ್ಬನೇ ಇದ್ದರೆ, ದುಡಿಮೆಯಿಂದ ತನಗೆ ದೊರೆಯುವ ಬೆಲೆಗಿಂತ ಕಡಿಮೆ ಕೂಲಿಯನ್ನು ಕೊಟ್ಟು, ಕಡಿಮೆ ಜನರನ್ನೇ ನೇಮಿಸಿಕೊಂಡು ಅವನು ಲಾಭ ಪಡೆಯಬಲ್ಲ. ಅಂಥಲ್ಲಿ ಸರ್ಕಾರವು ಕನಿಷ್ಠ ಕೂಲಿಯನ್ನು ಏರಿಸಿದರೆ ಉದ್ಯೋಗ ಕುಗ್ಗಲೇಬೇಕೆಂಬ ನಿಯತಿಯಿಲ್ಲ, ಹಿಗ್ಗಲೂಬಹುದು. ಹಸಿದವರ ಪಕ್ಷದಲ್ಲಿ ನಿಂತು ಮಾತನಾಡುವವರಿಗೆ ಕೇವಲ ಕರುಣೆಯನ್ನಲ್ಲದೆ ತರ್ಕವನ್ನೂ ಒದಗಿಸಿದ ಪ್ರಮೇಯವಿದು.

ಈ ಒಂದು ಗ್ರಂಥವೇ ಪುರಸ್ಕಾರಕ್ಕೆ ಸಾಕಾಗಿತ್ತು. ಆದರೆ ಜೋನ್ ಅಲ್ಲಿಗೆ ನಿಲ್ಲಲಿಲ್ಲ. 1969ರಲ್ಲಿ ಅದರ ಎರಡನೆಯ ಆವೃತ್ತಿಗೆ ಹೊಸ ಮುನ್ನುಡಿಯನ್ನು ಬರೆದು ತಮ್ಮ ಮೊದಲ ಕೃತಿಯನ್ನು ತಾವೇ ಕಠಿನವಾಗಿ ವಿಮರ್ಶಿಸಿದರು. ಅಷ್ಟರಲ್ಲಿ ಅವರ ಮನಸ್ಸು ಬಂಡವಾಳದ ಸಮಸ್ಯೆಯಲ್ಲಿ ನೆಟ್ಟಿತ್ತು. ಯಂತ್ರ, ಕಟ್ಟಡ, ಕಚ್ಚಾಮಾಲು ಎಂಬ ಭಿನ್ನ ವಸ್ತುಗಳನ್ನು ಕೂಡಿಸಿ ‘ಬಂಡವಾಳ’ವೆಂಬ ಒಂದೇ ಪ್ರಮಾಣವಾಗಿ ಅಳೆಯುವುದು ಹೇಗೆ? ಹಣದ ಬೆಲೆಯಲ್ಲಿ ಅಳೆಯೋಣವೆಂದರೆ ಆ ಬೆಲೆ ಲಾಭದ ದರವನ್ನು ಅವಲಂಬಿಸುತ್ತದೆ. ಲಾಭದ ದರವನ್ನೇ ಬಂಡವಾಳದ ಪ್ರಮಾಣದಿಂದ ನಿರ್ಧರಿಸಹೊರಟವನು ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುತ್ತಾನೆ. 1950ರ ದಶಕದ ಮೊದಲಿನಲ್ಲಿ ಅವರು ಎತ್ತಿದ ಈ ಪ್ರಶ್ನೆಯಿಂದ ಇಂಗ್ಲೆಂಡಿನ ಕೇಂಬ್ರಿಜ್ಜಿಗೂ ಅಮೆರಿಕದ ಮ್ಯಾಸಚೂಸೆಟ್ಸಿನ ಕೇಂಬ್ರಿಜ್ಜಿಗೂ ದೀರ್ಘವಾದ ವಾಗ್ವಾದ ನಡೆಯಿತು. 1966ರಲ್ಲಿ ಅಮೆರಿಕದ ಪಕ್ಷದ ಪಾಲ್ ಸ್ಯಾಮ್ಯುಯೆಲ್ಸನ್, ತರ್ಕದ ಮುಖ್ಯಾಂಶದಲ್ಲಿ ಎದುರುಪಕ್ಷದ ಆಕ್ಷೇಪವು ಸಾಧುವೆಂದು ಒಪ್ಪಿ ಬರೆದರು. ಒಪ್ಪಿದವರಿಗೆ 1970ರಲ್ಲಿ ಸ್ಟಾಕ್‌ಹೋಮಿನ ಪುರಸ್ಕಾರ ಬಂದಿತು. ಆ ಪಕ್ಷದ ಇನ್ನೊಬ್ಬ ಧುರೀಣ ರಾಬರ್ಟ್ ಸೋಲೋ ಅವರಿಗೆ 1987ರಲ್ಲಿ ಬಂದಿತು. ಅವರಿಬ್ಬರ ಯೋಗ್ಯತೆಯನ್ನು ನಾನು ಸಂದೇಹಿಸುವುದಿಲ್ಲ. ಆದರೆ ಪೂರ್ವಪಕ್ಷಕ್ಕೆ ಎರಡು ಪುರಸ್ಕಾರಗಳು ಸಂದು ಸಿದ್ಧಾಂತಪಕ್ಷಕ್ಕೆ ಒಂದೂ ಸಲ್ಲದಿದ್ದ ಸಭೆಯನ್ನು ಪೂರ್ಣಸಭೆಯೆಂದು ಕರೆಯಲಾರೆ.

ವಿಶ್ವಸಂಸ್ಥೆಯು 1975ನ್ನು ಅಂತರರಾಷ್ಟ್ರೀಯ ಮಹಿಳಾ ವರ್ಷವೆಂದು ಸಾರಿತ್ತು. ಅಲ್ಲಿಯ ತನಕ ಈ ಪುರಸ್ಕಾರವನ್ನು ಪಡೆದ ಸ್ತ್ರೀ ಒಬ್ಬರೂ ಇರಲಿಲ್ಲ. ಆ ವರ್ಷ ಜೋನ್ ರಾಬಿನ್ಸನ್ ಅವರ ಹೆಸರು ಖಂಡಿತವೆಂಬ ನಂಬಿಕೆ ಅವರನ್ನು ಒಪ್ಪುವವರಲ್ಲಿ ಮಾತ್ರವಲ್ಲದೆ ಒಪ್ಪದವರಲ್ಲಿಯೂ ಹಬ್ಬಿತ್ತು. ಘೋಷಿತವಾದ ಹೆಸರುಗಳು ಬೇರೆ: ಸೋವಿಯತ್ ಒಕ್ಕೂಟದ ಲಿಯೊನಿದ್ ಕಾಂಟೊರೊವಿಚ್ ಮತ್ತು ಅಮೆರಿಕದಲ್ಲಿ ನೆಲಸಿದ್ದ ತ್ಯಾಲಿಂಗ್ ಕೂಪ್‌ಮನ್ಸ್, ಪರಿಮಿತವಾದ ಸಾಧನಗಳನ್ನು ಅತ್ಯುತ್ತಮ ರೀತಿಯಲ್ಲಿ ವಿನಿಯೋಗಿಸುವ ಗಣಿತಕ್ಕಾಗಿ. ಅರ್ಹರಲ್ಲವೆಂದು ಅವರನ್ನು ಯಾರೂ ಹೇಳಲಾರರು. ಆದರೆ ಆ ಗಣಿತವನ್ನು ಬಳಕೆಗೆ ತಂದ ಜಾರ್ಜ್ ಡಾಂಟ್ಸಿಗ್ ಅವರ ಹೆಸರು ಅಲ್ಲಿರಲಿಲ್ಲ, ಮೂರನೆಯ ಸ್ಥಾನ ಬರಿದಾಗಿದ್ದರೂ ಇರಲಿಲ್ಲ. ಕೂಪ್‌ಮನ್ಸ್ ಇದರಿಂದ ತೀವ್ರವಾಗಿ ನೊಂದು, ತಮಗೆ ಬಂದ ಹಣದಲ್ಲಿ 40,000 ಡಾಲರುಗಳನ್ನು ಡಾಂಟ್ಸಿಗ್ ಅವರ ಗೌರವಾರ್ಥವಾಗಿ ವಿಯೆನ್ನಾ ಸಮೀಪದ ಸಂಶೋಧನ ಸಂಸ್ಥೆಯೊಂದಕ್ಕೆ ಕೊಟ್ಟುಬಿಟ್ಟರು. ಪುರಸ್ಕಾರದ ಇತಿಹಾಸದಲ್ಲಿ ನನ್ನ ಮನಸ್ಸಿಗೆ ಅತ್ಯಂತ ಪ್ರಿಯವಾದ ಪ್ರಸಂಗವಿದು: ತನ್ನ ಕೊರಳಿಗೆ ಬಿದ್ದ ಹಾರದಲ್ಲಿ ಇನ್ನೊಬ್ಬನ ಹೂವೂ ಉಂಟೆಂದು ಅರಿತ ವಿದ್ವಾಂಸನ ಋಜುತ್ವ.

ಜೋನ್ ಅವರಿಗೆ ಏಕೆ ಸಲ್ಲಲಿಲ್ಲ? ಅವರು ನಿರಾಕರಿಸಿಯಾರೆಂಬ, ಅಥವಾ ಸ್ವೀಕರಿಸಿ ಆ ವೇದಿಕೆಯಿಂದಲೇ ಪ್ರಚಲಿತ ಅರ್ಥಶಾಸ್ತ್ರವನ್ನು ಖಂಡಿಸಿಯಾರೆಂಬ ಶಂಕೆ ಸಮಿತಿಯಲ್ಲಿತ್ತೆಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಚೀನದ ಸಾಂಸ್ಕೃತಿಕ ಕ್ರಾಂತಿಯನ್ನು ಮೆಚ್ಚಿ 1969ರಲ್ಲಿ ಅವರು ಪ್ರಕಟಿಸಿದ ಪುಸ್ತಕವನ್ನೂ, ಅದಕ್ಕೆ ಮುಂಚೆ ಉತ್ತರ ಕೊರಿಯವನ್ನು ಕೊಂಡಾಡಿದ ಲೇಖನವನ್ನೂ ಕಾರಣವಾಗಿ ಹೇಳುವವರಿದ್ದಾರೆ. ಆ ಬರಹಗಳಲ್ಲಿ ಅವರ ತೀರ್ಪು ಬಹಳವಾಗಿ ತಪ್ಪಿತು. ಅಲ್ಲಿ ನರಳಿದವರ ಸಂಖ್ಯೆಯನ್ನು ನೆನೆದರೆ ಆ ತಪ್ಪನ್ನು ಹಗುರವಾಗಿ ಎಣಿಸಲಾಗದು. ಆದರೂ ಪುರಸ್ಕಾರವಿರುವುದು ಶಾಸ್ತ್ರಕ್ಕೆ ಸಂದ ಸೇವೆಗಾಗಿಯೇ ಹೊರತು ದೇಶಸಂಚಾರದ ಅಭಿಪ್ರಾಯಗಳಿಗಾಗಿ ಅಲ್ಲ. 1974ರಲ್ಲಿ ಪರಸ್ಪರ ವಿರುದ್ಧ ಮತಗಳ ಹಾಯೆಕ್ ಮತ್ತು ಗುನ್ನಾರ್ ಮಿರ್ದಾಲ್ ಇಬ್ಬರನ್ನೂ ಒಂದೇ ವೇದಿಕೆಯಲ್ಲಿ ಕೂಡಿಸುವಷ್ಟು ಉದಾರವಾಗಿದ್ದ ಅಕಾಡೆಮಿಗೆ ಇದು ತಿಳಿಯದ ನ್ಯಾಯವಾಗಿರಲಿಲ್ಲ.

ನನ್ನನ್ನು ಕೇಳಿದರೆ, ಜೋನ್ ಅವರೊಡನೆ ಸ್ರಾಫಾ ಅವರನ್ನೂ ಸೇರಿಸಿ ಇಬ್ಬರಿಗೂ ಸಲ್ಲಬೇಕಾಗಿತ್ತೆನ್ನುತ್ತೇನೆ. ಸ್ರಾಫಾ ಬರೆದದ್ದು ಬಹು ಸ್ವಲ್ಪ. ಅವರ 1960ರ ಗ್ರಂಥ ನೂರು ಪುಟಗಳನ್ನು ದಾಟುವುದಿಲ್ಲ. ಅವರ ಬೆಲೆ ಸ್ಟಾಕ್‌ಹೋಮಿಗೆ ತಿಳಿದಿರಲಿಲ್ಲವೆನ್ನುವಂತಿಲ್ಲ: ಇದೇ ಅಕಾಡೆಮಿಯು 1961ರಲ್ಲಿ ಅವರಿಗೆ ಸೋಡರ್‌ಸ್ಟ್ರೋಮ್ ಸುವರ್ಣಪದಕವನ್ನು ನೀಡಿತ್ತು. ಕಾಂಟೊರೊವಿಚ್, ಕೂಪ್‌ಮನ್ಸ್, ಡಾಂಟ್ಸಿಗ್ ಮೂವರೂ ಮುಂದಿನ ವರ್ಷಕ್ಕೆ ಕಾಯಬಹುದಾಗಿತ್ತು. ಜೋನ್ ಮತ್ತು ಸ್ರಾಫಾ ಇಬ್ಬರೂ 1983ರಲ್ಲಿ, ಒಂದು ತಿಂಗಳಿನಷ್ಟು ಅಂತರದಲ್ಲಿ, ನಿಧನರಾದರು. ಜೋನ್ ಅವರ ಬಳಿ ಸಂಶೋಧನೆ ಮಾಡಿದ ಅಮರ್ತ್ಯ ಸೇನ್ 1998ರಲ್ಲಿಯೂ, ಕೇಂಬ್ರಿಜ್ಜಿನಲ್ಲಿ ಕೆಲಕಾಲ ಅವರ ವಿದ್ಯಾರ್ಥಿಯಾಗಿದ್ದ ಜೋಸೆಫ್ ಸ್ಟಿಗ್ಲಿಟ್ಜ್ 2001ರಲ್ಲಿಯೂ ಪುರಸ್ಕೃತರಾದರು. ಸ್ತ್ರೀಯೊಬ್ಬರಿಗೆ ಮೊಟ್ಟಮೊದಲು ಇದು ಸಂದದ್ದು 2009ರಲ್ಲಿ, ಎಲಿನೋರ್ ಆಸ್ಟ್ರಮ್ ಅವರಿಗೆ.

ಜೋನ್ ತಾವೇ ತೊರೆದಂತಿದ್ದ 1933ರ ಗ್ರಂಥದ ಪ್ರಮೇಯವು ಮತ್ತೆ ಜೀವ ತಳೆದದ್ದು ಅಮೆರಿಕದಲ್ಲಿ. 1992ರ ಏಪ್ರಿಲಿನಲ್ಲಿ ನ್ಯೂಜರ್ಸಿ ರಾಜ್ಯವು ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿತು; ನೆರೆಯ ಪೆನ್ಸಿಲ್ವೇನಿಯ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ ಗಡಿಯ ಎರಡೂ ಬದಿಯ 410 ಉಪಾಹಾರ ಗೃಹಗಳನ್ನು ಏರಿಕೆಯ ಮುಂಚೆಯೂ ಆಮೇಲೂ ಪರಿಶೀಲಿಸಿ, ಕೂಲಿ ಏರಿದಲ್ಲಿ ಉದ್ಯೋಗ ಕುಗ್ಗಿದ ಕುರುಹಿಲ್ಲವೆಂದು 1994ರಲ್ಲಿ ವರದಿ ಮಾಡಿದರು. ಇದಕ್ಕೆ ವಿವರಣೆಯನ್ನು ಹುಡುಕಿದವರಲ್ಲಿ ಹಲವರು ಕೊಳ್ಳುವವನ ಏಕಸ್ವಾಮ್ಯದ ಕಡೆಗೆ ಮರಳಿದರು. 2021ರಲ್ಲಿ ಕಾರ್ಡ್ ಪುರಸ್ಕೃತರಾದರು. ಕ್ರೂಗರ್ ಅದಕ್ಕೆ ಎರಡು ವರ್ಷ ಹಿಂದೆಯೇ ತೀರಿಕೊಂಡಿದ್ದರು.

ಪುರಸ್ಕಾರದ ನಾಮನಿರ್ದೇಶನಗಳನ್ನೂ ಸಮಿತಿಯ ಅಭಿಪ್ರಾಯಗಳನ್ನೂ ಐವತ್ತು ವರ್ಷಗಳ ಪರ್ಯಂತ ಗೋಪ್ಯವಾಗಿಡಬೇಕೆಂಬುದು ನಿಯಮ. 1975ರ ಕಡತಗಳಿಗೆ ಆ ಅವಧಿ 2025ರ ಕೊನೆಗೆ ತುಂಬುತ್ತದೆ. ಜೋನ್ ಅವರನ್ನು ಸೂಚಿಸಿದವರು ಯಾರು, ಯಾವ ಗ್ರಂಥವನ್ನು ಮುಂದಿಟ್ಟು ಸೂಚಿಸಿದರು, ಸಮಿತಿಗಾಗಿ ಅವರ ಕೃತಿಗಳನ್ನು ಪರಿಶೀಲಿಸಿದವರು ಏನು ಬರೆದರು, ಡಾಂಟ್ಸಿಗ್ ಅವರನ್ನು ಕೈಬಿಡಲು ಹೇಳಿದ ಕಾರಣವೇನು ಎಂಬುದನ್ನು, ಸ್ವೀಡಿಷ್ ಬಲ್ಲ ಇತಿಹಾಸಕಾರರು ಯಾರಾದರೂ ಆ ಕಾಗದಗಳನ್ನು ಓದಿ ಲೋಕಕ್ಕೆ ತಿಳಿಸಬೇಕಾಗಿದೆ.